ಪ್ರದರ್ಶನ ಬಡ್ಜರಿಗಾರ್‌ಗಳ ತೀರ್ಪುಗಾರಿಕೆ

ಪ್ರದರ್ಶನ ಬಡ್ಜರಿಗಾರ್‌ಗಳ ತೀರ್ಪುಗಾರಿಕೆ ಎಂಬುದು ಸ್ಪರ್ಧಾತ್ಮಕ ಪಕ್ಷಿ ಪ್ರದರ್ಶನಗಳಲ್ಲಿ ಬಡ್ಜರಿಗಾರ್ ಗಿಳಿಗಳನ್ನು ಲಿಖಿತ ಆದರ್ಶವೊಂದರೊಡನೆ ಹೋಲಿಸಿ, ಅವುಗಳಿಗೆ ಸ್ಥಾನ ನಿರ್ಣಯಿಸುವ ಕ್ರಮವಾಗಿದೆ. ಹಕ್ಕಿಯ ಮಾತು, ಚಾತುರ್ಯ ಅಥವಾ ಹಾಡು ಇಲ್ಲಿ ಪರಿಗಣನೆಗೆ ಬರುವುದಿಲ್ಲ. ದೇಹದ ಗಾತ್ರ, ಆಕಾರ, ತಲೆಯ ಲಕ್ಷಣ, ನಿಲುವು, ಗರಿಗಳ ಸ್ಥಿತಿ, ಬಣ್ಣ ಮತ್ತು ಗುರುತುಗಳು ಮಾತ್ರ ಪರಿಗಣಿಸಲ್ಪಡುತ್ತವೆ. ಗೆದ್ದ ಹಕ್ಕಿಗಳಿಂದಲೇ ಮುಂದಿನ ಪೀಳಿಗೆಯನ್ನು ಪಡೆಯಲು ಸಾಕಣೆಗಾರರು ಬಯಸುವುದರಿಂದ, ತೀರ್ಪುಗಾರರ ನಿರ್ಣಯವು ಕಾಲಕ್ರಮದಲ್ಲಿ ಹಕ್ಕಿಯ ಶರೀರವನ್ನೇ ರೂಪಿಸುತ್ತದೆ.

ಹಿನ್ನೆಲೆ

ಬಡ್ಜರಿಗಾರ್ ಆಸ್ಟ್ರೇಲಿಯಾದ ಒಣ ಪ್ರದೇಶಗಳ ಸಣ್ಣ ಗಿಳಿ. ಇದರ ವೈಜ್ಞಾನಿಕ ಹೆಸರು ಮೆಲೊಪ್ಸಿಟಾಕಸ್ ಅಂಡ್ಯುಲೇಟಸ್. 1805ರಲ್ಲಿ ಜಾರ್ಜ್ ಶಾ ಇದನ್ನು ವೈಜ್ಞಾನಿಕವಾಗಿ ವರ್ಣಿಸಿದನು. ಪಕ್ಷಿತಜ್ಞ ಜಾನ್ ಗೌಲ್ಡ್ 1840ರಲ್ಲಿ ಜೀವಂತ ಹಕ್ಕಿಗಳನ್ನು ಇಂಗ್ಲೆಂಡಿಗೆ ತಂದನು. ಕಾಡಿನ ಹಕ್ಕಿ ಹಸಿರು ಮೈ, ಹಳದಿ ಮುಖ ಮತ್ತು ರೆಕ್ಕೆಯ ಮೇಲೆ ಕಪ್ಪು ಅಲೆಗೆರೆಗಳನ್ನು ಹೊಂದಿದ್ದು, ಸುಮಾರು 18 ಸೆಂಟಿಮೀಟರ್ ಉದ್ದ ಹಾಗೂ 30ರಿಂದ 40 ಗ್ರಾಂ ತೂಕವಿರುತ್ತದೆ. ನೀಲಿ, ಬಿಳಿ, ಹಳದಿ, ಬೂದು ಮುಂತಾದ ಬಣ್ಣಗಳು ಸಾಕಣೆಯಲ್ಲಿ ಆಯ್ದು ಬೆಳೆಸಿದ ರೂಪಾಂತರಗಳು.

ಇಂಗ್ಲೆಂಡಿನಲ್ಲಿ 1925ರಲ್ಲಿ ಬಡ್ಜರಿಗಾರ್ ಸಾಕಣೆಗಾರರ ಸಂಘವು ಸ್ಥಾಪನೆಯಾಯಿತು. ಇಂದು ಅದು ಬಡ್ಜರಿಗಾರ್ ಸೊಸೈಟಿ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಅನೇಕ ದೇಶಗಳ ಸಂಘಗಳು ವರ್ಲ್ಡ್ ಬಡ್ಜರಿಗಾರ್ ಆರ್ಗನೈಸೇಶನ್ ಎಂಬ ಅಂತರರಾಷ್ಟ್ರೀಯ ಒಕ್ಕೂಟದ ಮಾನದಂಡವನ್ನು ಅನುಸರಿಸುತ್ತವೆ.

ಕರ್ನಾಟಕದ ಸಾಕುಹಕ್ಕಿ ಅಂಗಡಿಗಳಲ್ಲಿ ‘ಲವ್ ಬರ್ಡ್ಸ್’ ಎಂದು ಮಾರಲ್ಪಡುವ ಹಕ್ಕಿ ಸಾಮಾನ್ಯವಾಗಿ ಬಡ್ಜರಿಗಾರ್ ಆಗಿರುತ್ತದೆ. ನಿಜವಾದ ಲವ್‌ಬರ್ಡ್ ಆಫ್ರಿಕಾ ಮೂಲದ ಬೇರೊಂದು ಕುಲಕ್ಕೆ ಸೇರಿದ ಗಿಳಿ. ಪ್ರದರ್ಶನದ ಬಡ್ಜರಿಗಾರ್ ಅಂಗಡಿಯ ಹಕ್ಕಿಯ ಜಾತಿಯದೇ ಆದರೂ ಎದ್ದು ಕಾಣುವಷ್ಟು ದೊಡ್ಡದು.

ಆದರ್ಶ ಮಾನದಂಡ

ಮಾನದಂಡವು ಪರಿಪೂರ್ಣ ಹಕ್ಕಿಯ ಶಬ್ದಚಿತ್ರವಾಗಿದೆ. ಅದರ ಮುಖ್ಯ ಅಂಶಗಳು ಹೀಗಿವೆ:

* ಉದ್ದ: ನೆತ್ತಿಯಿಂದ ಬಾಲದ ತುದಿಯವರೆಗೆ 216 ಮಿಲಿಮೀಟರ್.
* ನಿಲುವು: ಕೂರುವ ಕಡ್ಡಿಯ ಮೇಲೆ, ಲಂಬರೇಖೆಯಿಂದ ಸುಮಾರು 30 ಡಿಗ್ರಿ ಓರೆಯಾಗಿ, ಅಲುಗಾಡದೆ ನಿಂತಿರಬೇಕು.
* ತಲೆ: ಯಾವ ದಿಕ್ಕಿನಿಂದ ನೋಡಿದರೂ ದೊಡ್ಡದಾಗಿ, ಅಗಲವಾಗಿ, ದುಂಡಾಗಿ ಕಾಣಬೇಕು.
* ಕೊಕ್ಕು: ಮುಂದೆ ಚಾಚದೆ ಮುಖದೊಳಗೆ ಅಡಗಿದಂತಿರಬೇಕು.
* ಮುಖದ ಕೆಳಭಾಗ: ಆಳವಾಗಿ ಹಾಗೂ ಅಗಲವಾಗಿದ್ದು, ಗಂಟಲಿನ ಮೇಲೆ ಸಮಾನ ಅಂತರದಲ್ಲಿ ಆರು ದೊಡ್ಡ ದುಂಡು ಚುಕ್ಕೆಗಳಿರಬೇಕು. ಹೊರಗಿನ ಎರಡು ಚುಕ್ಕೆಗಳು ಕೆನ್ನೆಯ ಪಟ್ಟಿಗಳ ಬುಡದಲ್ಲಿರಬೇಕು.
* ರೆಕ್ಕೆ: ದೇಹಕ್ಕೆ ಒತ್ತಿಕೊಂಡಿರಬೇಕು, ತುದಿಗಳು ಒಂದರ ಮೇಲೊಂದು ಕತ್ತರಿಯಂತೆ ಹಾಯಬಾರದು.
* ಬಾಲ: ನೇರವಾಗಿದ್ದು, ಎರಡು ಉದ್ದ ಗರಿಗಳನ್ನು ಹೊಂದಿರಬೇಕು.
* ಕಾಲು: ಎರಡು ಬೆರಳು ಮುಂದಕ್ಕೆ, ಎರಡು ಹಿಂದಕ್ಕೆ ಇದ್ದು ಕಡ್ಡಿಯನ್ನು ಗಟ್ಟಿಯಾಗಿ ಹಿಡಿದಿರಬೇಕು.

ಕೆಂಪು ಕಣ್ಣಿನ ಹಳದಿ ಹಕ್ಕಿಯಾದ ಲುಟಿನೊ ಮತ್ತು ಕೆಂಪು ಕಣ್ಣಿನ ಬಿಳಿ ಹಕ್ಕಿಯಾದ ಅಲ್ಬಿನೊಗಳಲ್ಲಿ ಕಪ್ಪು ವರ್ಣದ್ರವ್ಯವಿರುವುದಿಲ್ಲ. ಆದ್ದರಿಂದ ಅವುಗಳಿಗೆ ಚುಕ್ಕೆಯ ನಿಯಮ ಅನ್ವಯಿಸದು. ಬಣ್ಣದ ಶುದ್ಧತೆಯೇ ಅಲ್ಲಿ ಮುಖ್ಯ.

ಪಂಜರ ಮತ್ತು ಉಂಗುರ

ಎಲ್ಲ ಸ್ಪರ್ಧಿಗಳೂ ಸಂಘವು ನಿಗದಿಪಡಿಸಿದ ಒಂದೇ ಮಾದರಿಯ ಪಂಜರವನ್ನು ಬಳಸಬೇಕು. ಬ್ರಿಟನ್ನಿನಲ್ಲಿ ಇದರ ಹೊರಮೈ ಕಪ್ಪು, ಒಳಮೈ ಬಿಳಿ. ಪಂಜರದ ಮೇಲೆ ಸಂಖ್ಯೆಯ ಚೀಟಿ ಮಾತ್ರ ಇರುತ್ತದೆ. ಹಕ್ಕಿ ಯಾರದೆಂದು ತೀರ್ಪುಗಾರರಿಗೆ ತಿಳಿಯಬಾರದೆಂಬುದೇ ಇದರ ಉದ್ದೇಶ.

ಹಕ್ಕಿಯ ಗುರುತು ಅದರ ಕಾಲಿನ ಉಂಗುರದಲ್ಲಿದೆ. ಬೆಸುಗೆಯಿಲ್ಲದ ಈ ಉಂಗುರದ ಮೇಲೆ ವರ್ಷ ಮತ್ತು ಸಾಕಣೆಗಾರನ ಸಂಕೇತ ಕೆತ್ತಲ್ಪಟ್ಟಿರುತ್ತವೆ. ಮರಿ ಸುಮಾರು ಒಂದು ವಾರದ್ದಿರುವಾಗ ಇದನ್ನು ತೊಡಿಸಬೇಕು. ಕಾಲು ಬೆಳೆದ ಮೇಲೆ ಉಂಗುರವನ್ನು ಹಾಕಲೂ ಬಾರದು, ತೆಗೆಯಲೂ ಬಾರದು. ಹೀಗಾಗಿ ವಯಸ್ಸು ಹಾಗೂ ಹುಟ್ಟಿನ ವಿಷಯದಲ್ಲಿ ವಂಚನೆ ಕಷ್ಟಸಾಧ್ಯ.

ತೀರ್ಪಿನ ಕ್ರಮ

ಹಕ್ಕಿಗಳನ್ನು ಮೊದಲು ಬಣ್ಣ ಹಾಗೂ ವೈವಿಧ್ಯದ ಆಧಾರದ ಮೇಲೆ ವರ್ಗಗಳಾಗಿ ವಿಂಗಡಿಸಲಾಗುತ್ತದೆ. ತಿಳಿಹಸಿರು, ಆಕಾಶನೀಲಿ, ಬೂದು, ಓಪಲೈನ್, ಸಿನಮನ್, ಸ್ಪ್ಯಾಂಗಲ್, ಪೈಡ್ ಮೊದಲಾದವು ಬೇರೆ ಬೇರೆ ವರ್ಗಗಳು. ಆ ವರ್ಷದ ಉಂಗುರವಿರುವ ಎಳೆಯ ಹಕ್ಕಿಗಳಿಗೆ ಪ್ರತ್ಯೇಕ ವರ್ಗಗಳಿವೆ. ಬ್ರಿಟನ್ನಿನಲ್ಲಿ ಸ್ಪರ್ಧಿಗಳನ್ನೂ ಅನುಭವಕ್ಕೆ ತಕ್ಕಂತೆ ಬಿಗಿನರ್, ನೋವಿಸ್, ಇಂಟರ್‌ಮೀಡಿಯೇಟ್ ಮತ್ತು ಚಾಂಪಿಯನ್ ಎಂದು ವಿಭಾಗಿಸುವ ಪದ್ಧತಿ ಬೆಳೆದುಬಂದಿದೆ. ಹೊಸಬರು ಪಳಗಿದವರೊಡನೆ ನೇರವಾಗಿ ಸೆಣಸಬೇಕಾಗದಿರಲೆಂದು ಈ ಏರ್ಪಾಡು.

ಒಂದು ವರ್ಗದ ಪಂಜರಗಳನ್ನು ಸಹಾಯಕರು ತೀರ್ಪುಗಾರರ ಮುಂದೆ ಸಾಲಾಗಿ ಇಡುತ್ತಾರೆ. ತೀರ್ಪುಗಾರರು ಮೊದಲು ಇಡೀ ಸಾಲನ್ನು ನೋಡಿ, ಸ್ಪಷ್ಟ ದೋಷವಿರುವ ಹಕ್ಕಿಗಳನ್ನು ಬದಿಗಿಡುತ್ತಾರೆ. ಉಳಿದವುಗಳನ್ನು ಎರಡೆರಡಾಗಿ ಅಕ್ಕಪಕ್ಕದಲ್ಲಿರಿಸಿ ತುಲನೆ ಮಾಡುತ್ತಾ ಪಂಜರಗಳ ಸ್ಥಾನವನ್ನು ಅದಲುಬದಲು ಮಾಡಿಸುತ್ತಾರೆ. ಬೆದರಿ ಪಂಜರದ ನೆಲದಲ್ಲಿ ಕುಳಿತ ಹಕ್ಕಿಯ ನಿಲುವನ್ನು ಅಳೆಯಲಾಗದು. ಎಷ್ಟೇ ಗುಣವಿದ್ದರೂ ಅದು ಹಿಂದೆ ಬೀಳುತ್ತದೆ. ಇದೇ ಕಾರಣಕ್ಕೆ ಸಾಕಣೆಗಾರರು ಹಲವು ವಾರಗಳ ಮೊದಲೇ ಹಕ್ಕಿಯನ್ನು ಪ್ರದರ್ಶನದ ಪಂಜರಕ್ಕೆ ಒಗ್ಗಿಸುತ್ತಾರೆ.

ವರ್ಗಗಳ ವಿಜೇತರ ನಡುವೆ ಮತ್ತೆ ತುಲನೆ ನಡೆದು, ಕೊನೆಗೆ ಪ್ರದರ್ಶನದ ಅತ್ಯುತ್ತಮ ಹಕ್ಕಿ ಮತ್ತು ಅತ್ಯುತ್ತಮ ಎಳೆಯ ಹಕ್ಕಿಯನ್ನು ಆರಿಸಲಾಗುತ್ತದೆ.

ದೋಷ ಮತ್ತು ಅನರ್ಹತೆ

ಇಳಿಬಿದ್ದ ಬಾಲ, ಕತ್ತರಿಯಾದ ರೆಕ್ಕೆ, ಕಿರಿದಾದ ಕುತ್ತಿಗೆ ಹಾಗೂ ಚಾಚಿದ ಕೊಕ್ಕು ಸಾಮಾನ್ಯ ದೋಷಗಳು. ಬಾಲದ ಗರಿ ಅಥವಾ ಒಂದು ಚುಕ್ಕೆ ಕಾಣೆಯಾಗಿದ್ದರೂ ಸ್ಥಾನ ಕೈತಪ್ಪಬಹುದು. ಗರಿ ಉದುರುವ ಕಾಲ ಯಾರ ಕೈಯಲ್ಲೂ ಇಲ್ಲವಾದ್ದರಿಂದ, ಉತ್ತಮ ಹಕ್ಕಿಯೂ ಒಂದು ಪ್ರದರ್ಶನದಲ್ಲಿ ಗೆದ್ದು ಮತ್ತೊಂದರಲ್ಲಿ ಸೋಲುವುದುಂಟು. ಆರಕ್ಕಿಂತ ಹೆಚ್ಚಿನ ಚುಕ್ಕೆಗಳನ್ನು ಚಿಮುಟದಿಂದ ಕಿತ್ತು ಮುಖವನ್ನು ಅಣಿಗೊಳಿಸುವುದು ಒಪ್ಪಿತವಾದ ರೂಢಿ. ಕೃತಕ ಬಣ್ಣ ಹಚ್ಚುವುದು ವಂಚನೆ. ತಪ್ಪು ವರ್ಗದಲ್ಲಿ ನಮೂದಿಸಿದ ಹಕ್ಕಿ ಅನರ್ಹಗೊಳ್ಳುತ್ತದೆ.

ವಿಮರ್ಶೆ

ದೊಡ್ಡ ತಲೆ ಮತ್ತು ತುಂಬಿದ ಗರಿಗೆ ಬಹುಮಾನ ದೊರೆತಂತೆಲ್ಲಾ ಸಾಕಣೆಗಾರರು ಅದೇ ಗುಣವನ್ನು ಹುಡುಕಿ ಜೋಡಿ ಕಟ್ಟುತ್ತಾ ಬಂದಿದ್ದಾರೆ. ಇದರಿಂದ ಗರಿಗಳು ಉದ್ದವಾಗಿ, ಕೆಲವು ಹಕ್ಕಿಗಳಲ್ಲಿ ಹಣೆಯ ಗರಿಗಳು ಕಣ್ಣಿನ ಮೇಲೆ ಬಾಗಿ ದೃಷ್ಟಿಯನ್ನು ಮರೆಮಾಡುತ್ತವೆ. ಬಾಲದ ಬುಡದ ಗರಿಗಳು ದಟ್ಟವಾದುದರಿಂದ ಸಂಯೋಗಕ್ಕೆ ಅಡ್ಡಿಯಾಗದಂತೆ ಅವುಗಳನ್ನು ಕತ್ತರಿಸುವ ರೂಢಿಯಿದೆ. ಪ್ರದರ್ಶನ ತಳಿಗಳಲ್ಲಿ ‘ಫೆದರ್ ಡಸ್ಟರ್’ ಎಂಬ ಆನುವಂಶಿಕ ದೋಷದ ಮರಿಗಳೂ ಹುಟ್ಟುತ್ತವೆ. ಅವುಗಳ ಗರಿಗಳು ಬೆಳೆಯುವುದನ್ನು ನಿಲ್ಲಿಸುವುದೇ ಇಲ್ಲ. ಹಾರಲಾರದ ಆ ಮರಿಗಳು ಅಲ್ಪಾಯುಗಳಾಗಿ ಸಾಯುತ್ತವೆ.

ಇಲ್ಲಿ ಮಾನದಂಡದ ಪದಗಳಷ್ಟೇ ಅವುಗಳ ಅರ್ಥವಿವರಣೆಯೂ ನಿರ್ಣಾಯಕ. ತಲೆ ದೊಡ್ಡದಾಗಿರಬೇಕು ಎಂಬ ಮಾತಿಗೆ ‘ಇನ್ನೂ ದೊಡ್ಡದಾಗುತ್ತಲೇ ಇರಬೇಕು’ ಎಂಬ ಅರ್ಥವಿಲ್ಲ. ದೇಹಕ್ಕೆ ತಕ್ಕ ಅನುಪಾತವೂ ಆದರ್ಶದ ಭಾಗವೇ. ಮೊದಲ ನೋಟಕ್ಕೆ ಸೆಳೆಯುವ ಗರಿಯ ರಾಶಿಗೆ ಮಣಿಯದೆ, ಕಣ್ಣು ಸ್ಪಷ್ಟವಾಗಿ ಕಾಣುವ, ಚುರುಕಾಗಿ ನಿಲ್ಲುವ, ಆರೋಗ್ಯವಂತ ಹಕ್ಕಿಗೆ ಮೊದಲ ಸ್ಥಾನ ನೀಡಿದರೆ ಸಾಕಣೆಯ ದಿಕ್ಕೂ ಅತ್ತ ತಿರುಗುತ್ತದೆ. ಈ ಕಾರಣದಿಂದ ತೀರ್ಪುಗಾರಿಕೆಯ ಪರಿಣಾಮವು ಪ್ರದರ್ಶನದ ದಿನಕ್ಕೆ ಸೀಮಿತವಾಗಿರದೆ, ಮುಂದಿನ ವರ್ಷಗಳಲ್ಲಿ ಗೂಡಿನಿಂದ ಹೊರಬರುವ ಮರಿಗಳ ಮೇಲೂ ಆಗುತ್ತದೆ.