ಮಾತಂಗ ಪರ್ವತದಿಂದ ಕಂಡ ಶಿಲಾಲೋಕ

ಹಂಪೆಯನ್ನು ನೋಡಿ ಬಂದವರನ್ನು ಅಲ್ಲಿ ಏನೇನು ಕಂಡಿರೆಂದು ಕೇಳಿದರೆ, ವಿರೂಪಾಕ್ಷನ ಗೋಪುರ, ವಿಠಲನ ಗುಡಿಯ ಕಲ್ಲಿನ ರಥ, ಉಗ್ರನರಸಿಂಹ, ಕಮಲಮಹಲು, ಆನೆಯ ಲಾಯ ಎಂದು ಬೆರಳು ಮಡಿಸಿ ಎಣಿಸುವರು. ಆ ಎಣಿಕೆಯಲ್ಲಿ ಬಂಡೆಗಳ ಹೆಸರು ಬರುವುದು ಅಪರೂಪ. ಆದರೆ ಹಂಪೆಯಲ್ಲಿ ಮೊದಲು ಕಣ್ಣಿಗೆ ಬೀಳತಕ್ಕವು ಬಂಡೆಗಳೇ. ರಾಯರ ಪಟ್ಟಣಕ್ಕೆ ಕೋಟೆಯಾದವು, ಗುಡಿಗೆ ಕಂಬವಾದವು, ದೇವರಿಗೆ ಮೈಯಾದವು ಅವೇ. ಅವುಗಳನ್ನೇ ಮುಖ್ಯವಾಗಿ ನೋಡಬೇಕೆಂಬ ಸಂಕಲ್ಪದಿಂದ ನಾವು ಈ ಸಲ ಮಾತಂಗ ಪರ್ವತವನ್ನು ಹತ್ತಿದೆವು. ಅಲ್ಲಿ ಕಂಡುದನ್ನೂ ತಿಳಿದುದನ್ನೂ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಹಂಪೆಗೆ ಹತ್ತಿರದ ರೈಲ್ವೆ ನಿಲ್ದಾಣವು ಹೊಸಪೇಟೆ. ಅದು ಈಗ 2021ರಲ್ಲಿ ರೂಪುಗೊಂಡ ವಿಜಯನಗರ ಜಿಲ್ಲೆಯ ಮುಖ್ಯಪಟ್ಟಣವಾಗಿರುವುದು. ಅಲ್ಲಿಂದ ಹಂಪೆಗೆ ಸುಮಾರು 13 ಕಿಲೋಮೀಟರು. ವಿರೂಪಾಕ್ಷನ ಗುಡಿಯ ಮುಂದಿನ ರಥಬೀದಿಯಲ್ಲಿ ನೆಟ್ಟಗೆ ಪೂರ್ವಕ್ಕೆ ನಡೆದರೆ ಬೀದಿಯ ಕೊನೆಯಲ್ಲಿ ಒಂದೇ ಬಂಡೆಯಿಂದ ಕಡೆದ ದೊಡ್ಡ ನಂದಿಯುಂಟು. ದೂರದಿಂದ ಸ್ವಾಮಿಗೆ ಇದಿರಾಗಿ ಕುಳಿತಿರುವುದರಿಂದ ಇದಕ್ಕೆ ಎದುರು ಬಸವಣ್ಣನೆಂದು ಹೆಸರು. ಅದರ ಪಕ್ಕದ ಮೆಟ್ಟಿಲುಗಳನ್ನು ಹಿಡಿದು ದಿಬ್ಬವನ್ನು ದಾಟಿ, ಅಚ್ಯುತರಾಯನ ಗುಡಿಯ ಕಡೆಗೆ ಇಳಿಯುವ ದಾರಿಯಿಂದ ಬಲಕ್ಕೆ ತಿರುಗಿದರೆ ಮಾತಂಗದ ಏರು ಮೊದಲಾಗುವುದು.

ಏರು ಉದ್ದವಲ್ಲ, ಆದರೆ ಕಡಿದು. ಹಳೆಯ ಕಾಲದ ಕಲ್ಲಿನ ಮೆಟ್ಟಿಲುಗಳು ಕೆಲವೆಡೆ ಭದ್ರವಾಗಿವೆ. ಕೆಲವೆಡೆ ಜರುಗಿಹೋಗಿ ಹಾಸುಬಂಡೆಯ ಮೇಲೆಯೇ ಕಾಲೂರಿ ನಡೆಯಬೇಕಾಗುವುದು. ದಾರಿಯು ಒಮ್ಮೆ ಎರಡು ಗುಂಡುಗಳ ನಡುವೆ ನುಸುಳುವುದು, ಒಮ್ಮೆ ತಲೆಯ ಮೇಲೆ ಚಪ್ಪರದಂತೆ ಚಾಚಿದ ಬಂಡೆಯ ಕೆಳಗೆ ಹಾಯುವುದು. ಸೂರ್ಯೋದಯಕ್ಕೆ ಮುಂಚೆ ಹೊರಟ ನಮಗೆ ಕಲ್ಲು ತಣ್ಣಗಿದ್ದಿತು. ನಮ್ಮೊಡನಿದ್ದ ವೃದ್ಧೆಯೊಬ್ಬರು ಅಲ್ಲಲ್ಲಿ ಕುಳಿತು ದಣಿವಾರಿಸಿಕೊಳ್ಳುತ್ತ ಹತ್ತಿದರು. ಮಕ್ಕಳು ಆಡುಮರಿಗಳಂತೆ ಮುಂದೆ ಓಡಿದರು. ಶಿಖರದಲ್ಲಿ ವೀರಭದ್ರನ ಗುಡಿಯುಂಟು. ಅದರ ಮಾಳಿಗೆಯ ಮೇಲೆ ನಿಂತರೆ ನಾಲ್ಕು ದಿಕ್ಕುಗಳೂ ಬಿಚ್ಚಿದ ಪಟದಂತೆ ಕಾಣುವುವು.

ಪಶ್ಚಿಮದಲ್ಲಿ ರಥಬೀದಿಯು ಗೆರೆ ಎಳೆದಂತೆ ನೇರವಾಗಿ ಹೋಗಿ ವಿರೂಪಾಕ್ಷನ ಗೋಪುರವನ್ನು ಮುಟ್ಟುವುದು. ಸುಮಾರು 50 ಮೀಟರು ಎತ್ತರದ ಆ ಒಂಬತ್ತು ನೆಲೆಯ ಗೋಪುರವು ಇಲ್ಲಿಂದ ಮಕ್ಕಳ ಆಟದ ಬೊಂಬೆಯಂತೆ ತೋರುವುದು. ಉತ್ತರದಲ್ಲಿ ತುಂಗಭದ್ರೆಯು ಬಂಡೆಗಳಿಗೆ ಹೆದರಿದವಳಂತೆ ಬಳುಕಿ ಬಳುಕಿ ದಾರಿ ಮಾಡಿಕೊಂಡಿರುವಳು. ಆಚೆಯ ದಡದಲ್ಲಿ ಋಷ್ಯಮೂಕವೂ, ಇನ್ನೂ ದೂರದಲ್ಲಿ ನೆತ್ತಿಯ ಮೇಲೆ ಬಿಳಿಯ ಗುಡಿಯನ್ನು ಹೊತ್ತ ಅಂಜನಾದ್ರಿಯೂ ಇವೆ. ನಮ್ಮ ಕಾಲಬುಡದಲ್ಲಿ, 1534ರಲ್ಲಿ ಪೂರ್ತಿಯಾದ ಅಚ್ಯುತರಾಯನ ಗುಡಿಯ ಪ್ರಾಕಾರವು ನೆಲದ ಮೇಲೆ ಬಿಡಿಸಿದ ರಂಗವಲ್ಲಿಯಂತೆ ಕಾಣುವುದು. ದಕ್ಷಿಣದ ಕಣಿವೆಯಲ್ಲಿ ಬಾಳೆ, ಕಬ್ಬು, ಬತ್ತಗಳ ಹಸುರು. ವಿಜಯನಗರದ ಅರಸರ ಕಾಲದ ತುರ್ತ ಕಾಲುವೆಯ ನೀರೇ ಇಂದಿಗೂ ಆ ಕಣಿವೆಯನ್ನು ಬೆಳೆಯಿಸುತ್ತಿದೆ. ಈ ಹಸುರಿನ ಸುತ್ತಲೂ, ಕಣ್ಣು ಹರಿಯುವವರೆಗೂ, ಬಂಡೆಗಳು! ಒಂದರ ಮೇಲೊಂದು ಕುಳಿತವು, ಒಂದಕ್ಕೊಂದು ಒರಗಿದವು, ಬೆರಳಿನಿಂದ ನೂಕಿದರೆ ಉರುಳುವುವೋ ಎಂಬಂತೆ ಅಂಚಿನಲ್ಲಿ ನಿಂತವು.

ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ ಇಲ್ಲಿಗೆ ಬಂದಿದ್ದ ಪೋರ್ತುಗಲ್ ದೇಶದ ದೊಮಿಂಗೊ ಪಾಯೆಸನು ಪಟ್ಟಣದ ಅಳತೆಯನ್ನು ತಿಳಿಯಲೆಂದು ಒಂದು ಗುಡ್ಡವನ್ನು ಹತ್ತಿ ನೋಡಿದನಂತೆ. ಹತ್ತಿದರೂ, ನಡುನಡುವೆ ಗುಡ್ಡಗಳ ಸಾಲು ಅಡ್ಡಬಂದುದರಿಂದ, ಪಟ್ಟಣವೆಲ್ಲವೂ ಕಾಣಲಿಲ್ಲವೆಂದು ಅವನು ಬರೆದಿಟ್ಟಿರುವನು. 1565ರ ರಕ್ಕಸತಂಗಡಿಯ ಕಾಳಗದ ತರುವಾಯ ಆ ಪಟ್ಟಣವು ಹಾಳಾಯಿತು. ಅವನು ಕಂಡ ಅಂಗಡಿಗಳಿಲ್ಲ, ಜನಜಂಗುಳಿಯಿಲ್ಲ. ಅವನ ನೋಟಕ್ಕೆ ಅಡ್ಡವಾಗಿ ನಿಂತ ಗುಡ್ಡಗಳು ಮಾತ್ರ ಇವೆ.

ಈ ಪರ್ವತಕ್ಕೆ ಪುರಾಣದ ಕೀರ್ತಿಯೂ ಉಂಟು. ದುಂದುಭಿಯೆಂಬ ರಾಕ್ಷಸನನ್ನು ಕೊಂದ ವಾಲಿಯು ಆ ಹೆಣವನ್ನು ಎತ್ತಿ ಎಸೆದಾಗ ಅದರ ರಕ್ತವು ಮತಂಗ ಮುನಿಯ ಆಶ್ರಮದಲ್ಲಿ ಬಿದ್ದಿತಂತೆ. ಈ ಎಡೆಗೆ ಕಾಲಿಟ್ಟರೆ ವಾಲಿಗೆ ಮರಣವಾಗಲೆಂದು ಮುನಿಯು ಶಪಿಸಿದನು. ಆದುದರಿಂದಲೇ ಅಣ್ಣನಿಗೆ ಹೆದರಿದ ಸುಗ್ರೀವನಿಗೆ ಈ ನೆಲವು ಅಭಯಸ್ಥಾನವಾಯಿತು. ಕಿಷ್ಕಿಂಧೆಯ ಕಪಿಗಳು ಸೇತುವೆಗಾಗಿ ಹೊತ್ತು ತಂದು ಮಿಗಿಸಿ ಚೆಲ್ಲಿದ ಕಲ್ಲುಗಳೇ ಈ ಗುಂಡುಗಳೆಂದು ಹಳ್ಳಿಯವರು ಹೇಳುವುದುಂಟು.

ನಮ್ಮೊಡನಿದ್ದ ಬಾಲಕನೊಬ್ಬನು ಈ ಕಥೆಯನ್ನು ಕೇಳಿ, “ಕಪಿಗಳು ಇಡದೆ ಇದ್ದರೆ ಮತ್ತೆ ಯಾರು ಇಟ್ಟರು?” ಎಂದು ಪಟ್ಟು ಹಿಡಿದನು. ಭೂಗರ್ಭಶಾಸ್ತ್ರಜ್ಞರು ಕೊಡುವ ಉತ್ತರವು ಕಥೆಗಿಂತಲೂ ವಿಸ್ಮಯಕರವಾದುದು: ಇವನ್ನು ಯಾರೂ ತಂದಿಡಲಿಲ್ಲ. ಇವು ಎಲ್ಲಿಂದಲೂ ಬಂದವಲ್ಲ. ಹುಟ್ಟಿದ ಎಡೆಯಲ್ಲಿಯೇ ಉಳಿದವು. ಸುತ್ತಲಿದ್ದುದೆಲ್ಲ ಹೋಯಿತು, ಇವು ನಿಂತವು.

ಅದು ಹೀಗೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಮಿಯ ಆಳದಲ್ಲಿ ಕರಗಿದ್ದ ಶಿಲಾರಸವು ಮೆಲ್ಲಮೆಲ್ಲನೆ ಆರಿ ಗ್ರಾನೈಟ್ ಎಂಬ ಕಣಶಿಲೆಯಾಯಿತು. ದಕ್ಷಿಣದಲ್ಲಿ ರಾಮನಗರದ ಬೆಟ್ಟಗಳಿಂದ ಉತ್ತರದಲ್ಲಿ ಈ ತುಂಗಭದ್ರೆಯ ಸೀಮೆಯವರೆಗೆ ಈ ಜಾತಿಯ ಶಿಲೆಯು ಕನ್ನಡನಾಡಿನ ಬೆನ್ನೆಲುಬಿನಂತೆ ಚಾಚಿಕೊಂಡಿರುವುದು. ಮೇಲಿನ ನೆಲವು ಯುಗಯುಗಗಳಲ್ಲಿ ಸವೆಯುತ್ತ ಬರಲು, ಹೊರೆ ಇಳಿದ ಈ ಶಿಲೆಯು ಬಿರಿದು, ಉದ್ದಕ್ಕೂ ಅಡ್ಡಕ್ಕೂ ಸೀಳುಗಳಾದುವು. ಆ ಸೀಳುಗಳಲ್ಲಿ ಮಳೆಯ ನೀರು ಇಳಿಯಿತು. ನೀರು ತಾಗಿದಲ್ಲಿ ಶಿಲೆಯ ಕೆಲವು ಕಣಗಳು ಕೊಳೆತು ಜೇಡಿಯಾದುವು. ಕಲ್ಲುಸಕ್ಕರೆಯ ಹರಳನ್ನು ಬಾಯಿಯಲ್ಲಿಟ್ಟುಕೊಂಡವರು ನೋಡಿರಬಹುದು: ಮೊದಲು ಕರಗುವುವು ಅದರ ಮೂಲೆಗಳು. ಮೂಲೆಗೆ ಮೂರು ಕಡೆಯಿಂದ ತೇವವು ತಾಗುವುದು, ಅಂಚಿಗೆ ಎರಡು ಕಡೆಯಿಂದ, ನಡುಮೈಗೆ ಒಂದೇ ಕಡೆಯಿಂದ. ಹೀಗೆ ಚೌಕವಾಗಿದ್ದ ತುಂಡುಗಳು ನೆಲದೊಳಗಿರುವಾಗಲೇ ಗುಂಡಾದುವು. ಬಳಿಕ ಮಳೆಯು ನಡುವಿನ ಸಡಿಲವಾದ ಮಣ್ಣನ್ನು ತೊಳೆದೊಯ್ಯಲು, ಗಟ್ಟಿಯಾದ ಗುಂಡುಗಳು ತಮ್ಮ ತಮ್ಮ ಎಡೆಯಲ್ಲಿಯೇ ಒಂದರ ಮೇಲೊಂದು ಕುಳಿತವು. ಬಾಲಕನು ಇದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ನಾವು ನಿಂತಿರುವ ಈ ಗಾಳಿಯಲ್ಲಿಯೂ ಮೊದಲು ಕಲ್ಲೇ ಇದ್ದಿತೆ?” ಎಂದು ಕೇಳಿದನು. ಇದ್ದಿತು, ಇದನ್ನು ತಿಳಿದ ಮೇಲೆ ಆ ನೋಟವೇ ಬೇರೆಯಾಯಿತು.

ವಿಜಯನಗರದವರು ಈ ಶಿಲೆಯ ಸ್ವಭಾವವನ್ನು ಚೆನ್ನಾಗಿ ಬಲ್ಲವರು. ಗುಡ್ಡವನ್ನು ಕೆಡಹದೆ, ಗುಡ್ಡದಿಂದ ಗುಡ್ಡಕ್ಕೆ ಗೋಡೆಯನ್ನು ಎಳೆದು ಕೋಟೆ ಕಟ್ಟಿದರು. ಇಳಿಯುವ ದಾರಿಯಲ್ಲಿ ಬಂಡೆಗಳ ಅಂಚಿಗೆ ಸಾಲಾಗಿ ಹಲ್ಲಿನ ಗುರುತಿನಂತಹ ಕುಳಿಗಳನ್ನು ಕಾಣಬಹುದು. ಅವುಗಳಲ್ಲಿ ಬೆಣೆಗಳನ್ನು ಜಡಿದು ಕಲ್ಲನ್ನು ಸೀಳುತ್ತಿದ್ದರು. ಒಣ ಮರದ ಬೆಣೆಗಳಿಗೆ ನೀರೆರೆದು, ಅವು ಉಬ್ಬುವ ಬಲದಿಂದಲೇ ಕಲ್ಲು ಸೀಳುವಂತೆ ಮಾಡುತ್ತಿದ್ದರೆಂದೂ ಹೇಳುವರು. 1528ರಲ್ಲಿ ಕೃಷ್ಣದೇವರಾಯನು ಮಾಡಿಸಿದ ನರಸಿಂಹನ ಮೂರ್ತಿಯನ್ನು ಇದ್ದಲ್ಲಿಯೇ ಇದ್ದ ಒಂದು ಬಂಡೆಯಿಂದ ಕಡೆದರು. ಬೇಕಾದಷ್ಟನ್ನು ತೆಗೆದುಕೊಂಡು ಮಿಕ್ಕುದನ್ನು ಬಿಟ್ಟವರು ಅವರು.

ಇಂದಿನ ಸಂಗತಿಯು ಹಾಗಿಲ್ಲ. ಕಣಶಿಲೆಗೆ ದೇಶವಿದೇಶಗಳಲ್ಲಿ ಬೆಲೆ ಬಂದಿರುವುದು. ಮನೆಯ ನೆಲಕ್ಕೂ ಅಡಿಗೆಯ ಕಟ್ಟೆಗೂ ಹೊಳಪಿನ ಹಲಗೆಗಳು ಬೇಕು. ರಸ್ತೆಗೆ ಜಲ್ಲಿ ಬೇಕು. ಹಂಪೆಯು 1986ರಲ್ಲಿ ವಿಶ್ವಪರಂಪರೆಯ ತಾಣಗಳ ಪಟ್ಟಿಗೆ ಸೇರಿತು. ಅದರ ರಕ್ಷಣೆಗೆಂದು ನಮ್ಮ ಸರಕಾರವು 2002ರಲ್ಲಿ ಪ್ರತ್ಯೇಕ ಕಾನೂನನ್ನೂ ಮಾಡಿತು. ಹತ್ತಿರದ ದರೋಜಿಯಲ್ಲಿ 1994ರಲ್ಲಿ ಕರಡಿಗಳ ಅಭಯಾರಣ್ಯವಾಯಿತು. ಬಂಡೆಗಳ ನಡುವಿನ ಗವಿಗಳೇ ಆ ಕರಡಿಗಳಿಗೆ ಮನೆ. ಆದರೆ ಈ ಗುಡ್ಡಗಳ ಸಾಲು ಯಾವ ಗಡಿಯ ಕಲ್ಲಿಗೂ ನಿಲ್ಲುವುದಲ್ಲ; ರಾಮನಗರದವರೆಗೂ ಹಬ್ಬಿರುವುದು. ಗಡಿಯಾಚೆಗೆ ಎಷ್ಟೋ ಗುಡ್ಡಗಳು ಮದ್ದಿನ ಏಟಿಗೆ ಸಿಡಿದು ಹಳ್ಳವಾಗಿವೆ.

ಬಂಡೆಯೂ ಚಿರಂಜೀವಿಯಲ್ಲವೆಂಬುದಕ್ಕೆ ಕಮಲಾಪುರದ ದಾರಿಯಲ್ಲಿರುವ ಅಕ್ಕ ತಂಗಿಯರ ಗುಡ್ಡವೇ ಸಾಕ್ಷಿ. ಒಂದಕ್ಕೊಂದು ತಲೆ ಒರಗಿಸಿ ನಿಂತ ಎರಡು ಹೆಬ್ಬಂಡೆಗಳವು. ಹಂಪೆಯನ್ನು ಹಳಿದ ಸೋದರಿಯರಿಬ್ಬರು ಶಾಪದಿಂದ ಕಲ್ಲಾದರೆಂದು ಕಥೆ. ಈ ಶತಮಾನದಲ್ಲಿಯೇ ಅವುಗಳಲ್ಲೊಂದರ ಭಾಗವು ಒಡೆದು ಕೆಳಗೆ ಬಿದ್ದಿತು. ಪ್ರಕೃತಿಯು ತಾನು ಮಾಡಿದುದನ್ನು ತಾನೇ ಕೆಡಹಿದರೆ ನಾವು ಆಡುವ ಮಾತಿಲ್ಲ. ಮನುಷ್ಯನು ಕೆಡಹಿದುದಕ್ಕೆ ಮಾತ್ರ ಲೆಕ್ಕ ಕೊಡಬೇಕಾಗುವುದು. ಬಿದ್ದ ಗುಡಿಯನ್ನು ಶಿಲ್ಪಿಯು ಮತ್ತೆ ನಿಲ್ಲಿಸಬಲ್ಲನು; ಒಡೆದ ಗುಡ್ಡವನ್ನು ಮತ್ತೆ ನಿಲ್ಲಿಸುವ ಶಿಲ್ಪಿಯು ಇನ್ನೂ ಹುಟ್ಟಿಲ್ಲ.

ಮಾತಂಗವನ್ನು ಹತ್ತಬಯಸುವ ಗೃಹಸ್ಥರಿಗೆ ಎರಡು ಮಾತು. ಕಾರ್ತಿಕದಿಂದ ಮಾಘದವರೆಗೆ ಕಾಲವು ಅನುಕೂಲ. ಬೇಸಗೆಯ ಹಗಲಿನಲ್ಲಿ ಕಲ್ಲು ಕಾವಲಿಯಂತೆ ಕಾಯುವುದು, ಮಳೆಯಲ್ಲಿ ಜಾರುವುದು. ಮೇಲೆ ನೀರು ದೊರೆಯದು, ಕೊಂಡೊಯ್ಯಬೇಕು. ಒಂಟಿಯಾಗಿ ಹೋಗದೆ ಜೊತೆಗೂಡಿ, ಬೆಳಕಿರುವಾಗಲೇ ಇಳಿದು ಬರುವುದು ಕ್ಷೇಮ. ಮಕ್ಕಳನ್ನು ಅವಶ್ಯವಾಗಿ ಕರೆದೊಯ್ಯಿರಿ. ಬಂಡೆಯ ಮೇಲೆ ಹೆಸರು ಕೆತ್ತುವ ದುರಭ್ಯಾಸವನ್ನು ಅವರಿಗೆ ಕಲಿಯಗೊಡಬೇಡಿರಿ. ಕಪಿಗಳ ಕಥೆಯನ್ನೂ ಹೇಳಿರಿ, ಕಲ್ಲುಸಕ್ಕರೆಯ ದೃಷ್ಟಾಂತವನ್ನೂ ಹೇಳಿರಿ. ಕಲ್ಲೆಂದರೆ ಗಾಡಿಗಿಷ್ಟೆಂದು ಮಾರುವ ಸರಕೆಂದು ಮಾತ್ರ ತಿಳಿದು ಬೆಳೆದವನು ಗುಡ್ಡವನ್ನು ಮಾರುವನು. ಅದರ ಹುಟ್ಟನ್ನು ತಿಳಿದು ಬೆಳೆದವನು ಮಾರುವ ಮುನ್ನ ಒಮ್ಮೆಯಾದರೂ ಯೋಚಿಸುವನು.