ರಾತ್ರಿಯಿಂದ ಶುರುವಾಗುವ ಸೋಲಾರ್ ಲೆಕ್ಕ

ಹಾನಗಲ್ಲಿನ ಮಳೆಗಾಲ ಕಂಡವರಿಗೆ ಡ್ಯಾರಿಲ್ ಚಾಪಿನ್ ಅವರ ತಾಪತ್ರಯವನ್ನು ಬಿಡಿಸಿ ಹೇಳಬೇಕಿಲ್ಲ. 1950ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯ ತನ್ನ ಸಂಶೋಧಕರಾದ ಅವರಿಗೊಂದು ಕೆಲಸ ಒಪ್ಪಿಸಿತು. ಸೆಕೆಯೂ ತೇವವೂ ಕೂಡಿದ ನಾಡುಗಳಲ್ಲಿ, ವಿದ್ಯುತ್ ತಂತಿ ಮುಟ್ಟದ ಮೂಲೆಗಳಲ್ಲಿ, ಟೆಲಿಫೋನು ನಡೆಸುತ್ತಿದ್ದ ಒಣ ಸೆಲ್ಲುಗಳು ಬಾಳಿಕೆ ಬರುತ್ತಿರಲಿಲ್ಲ. ಅವುಗಳ ಬದಲಿಗೆ ಬೇರೇನಾದರೂ ಹುಡುಕಬೇಕಿತ್ತು. ಗಾಳಿಯಂತ್ರ, ಸಣ್ಣ ಹಬೆ ಎಂಜಿನ್ನು ಎಲ್ಲವನ್ನೂ ಯೋಚಿಸಿದ ಚಾಪಿನ್ ಪಟ್ಟಿಗೆ ಸೂರ್ಯನನ್ನೂ ಸೇರಿಸಿದರು.

ಇವತ್ತು ಶಿಗ್ಗಾವಿಯ ಆರ್‌ಸಿಸಿ ಮನೆಯ ಮೇಲೆ, ಹಿರೇಕೆರೂರಿನ ಹೊಲದ ಮನೆಯ ತಗಡಿನ ಮೇಲೆ ಕೂತ ಪ್ಯಾನಲ್ ಹುಟ್ಟಿದ್ದು ಆ ಹುಡುಕಾಟದಲ್ಲಿ. ಕರೆಂಟ್ ಇಲ್ಲದ ಕಡೆ, ಬ್ಯಾಟರಿ ಕೈಕೊಟ್ಟ ಕಡೆ ಕೆಲಸ ನಿಲ್ಲಬಾರದು ಎಂಬ ಒತ್ತಾಯದಿಂದ ಬಂದ ವಸ್ತು ಅದು. ಮನೆಗೆ ಸೋಲಾರ್ ಹಾಕಿಸಲು ಹೊರಟ ನಮ್ಮ ಜನ ಮೊದಲು ಮಾಳಿಗೆ ಹತ್ತಿ ಜಾಗ ಅಳೆಯುತ್ತಾರೆ. ಲೆಕ್ಕ ಶುರುವಾಗುವುದು ಅಲ್ಲಿಂದಲ್ಲ, ಕರೆಂಟ್ ಇಲ್ಲದ ಹೊತ್ತಿಗೆ ಏನು ಬೇಕು ಎಂಬುದರಿಂದ ಎನ್ನುವುದಕ್ಕೆ ಈ ಕತೆಯೇ ಸಾಕ್ಷಿ.

ಚಾಪಿನ್ ಮೊದಲು ಹಿಡಿದದ್ದು ಸೆಲೆನಿಯಂ. ಬೆಳಕು ಬಿದ್ದರೆ ಸೆಲೆನಿಯಂನಲ್ಲಿ ವಿದ್ಯುತ್ ಹುಟ್ಟುತ್ತದೆ ಎಂದು 1876ರಲ್ಲೇ ಇಂಗ್ಲೆಂಡಿನ ಆಡಮ್ಸ್ ಮತ್ತು ಡೇ ತೋರಿಸಿದ್ದರು. ಆದರೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಒಂದು ಪಾಲೂ ಕೈಗೆ ಬರುತ್ತಿರಲಿಲ್ಲ. ಚಾಪಿನ್‌ಗೆ ಆರರ ಆಸುಪಾಸು ಬೇಕಿತ್ತು.

ದಾರಿ ತೋರಿಸುವ ಸುಳಿವು ಅದೇ ಸಂಸ್ಥೆಯಲ್ಲಿ ಹತ್ತು ವರ್ಷಕ್ಕೂ ಹಿಂದೆ ಸಿಕ್ಕಿತ್ತು. 1940ರ ಫೆಬ್ರವರಿಯಲ್ಲಿ ರಸೆಲ್ ಓಲ್ ಎಂಬ ಸಂಶೋಧಕರು ರೇಡಿಯೋ ಕೆಲಸಕ್ಕೆಂದು ಸಿಲಿಕಾನ್ ತುಂಡುಗಳನ್ನು ಪರೀಕ್ಷಿಸುತ್ತಿದ್ದರು. ಒಂದು ತುಂಡಿನ ಅಳತೆ ಮಾತ್ರ ಸ್ಥಿರವಾಗಿ ನಿಲ್ಲುತ್ತಿರಲಿಲ್ಲ. ನಡುವೆ ಬಿರುಕು ಬಿಟ್ಟ ತುಂಡು ಅದು. ದೀಪದ ಬೆಳಕು ಬಿದ್ದಾಗ ಮುಳ್ಳು ಜಿಗಿಯುತ್ತದೆ, ಬೆಳಕಿಗೆ ಅಡ್ಡ ಬಂದರೆ ಇಳಿಯುತ್ತದೆ. ಕೆದಕಿ ನೋಡಿದಾಗ ಗುಟ್ಟು ಬಯಲಾಯಿತು. ಸಿಲಿಕಾನ್ ಕರಗಿ ಗಟ್ಟಿಯಾಗುವಾಗ ಅದರೊಳಗಿನ ಕಲಬೆರಕೆ ಎರಡು ಪಾಲಾಗಿ, ಒಂದು ಬದಿಗೆ ಒಂದು ಬಗೆ, ಇನ್ನೊಂದು ಬದಿಗೆ ಇನ್ನೊಂದು ಬಗೆ ನಿಂತಿತ್ತು. ಎರಡೂ ಕೂಡುವ ಗಡಿಯಲ್ಲಿ ಬೆಳಕು ಬಿದ್ದರೆ ಎಲೆಕ್ಟ್ರಾನುಗಳು ಒಂದೇ ದಿಕ್ಕಿಗೆ ತಳ್ಳಿಸಿಕೊಳ್ಳುತ್ತಿದ್ದವು. ಈ ಗಡಿಯನ್ನೇ ಈಗ ಪಿ-ಎನ್ ಸಂಧಿ ಎನ್ನುತ್ತೇವೆ. ಇದರಲ್ಲಿ ನನಗೆ ಹಿಡಿಸುವುದು ಓಲ್ ಅವರ ತಾಳ್ಮೆ. ಅಳತೆ ಸರಿ ಬರದ ತುಂಡನ್ನು ಅವರು ಕಸಕ್ಕೆ ಹಾಕಲಿಲ್ಲ.

ಮುಂದಿನದು ಮೂವರು ಕೂಡಿ ಎಳೆದ ತೇರು. ರಸಾಯನ ವಿಜ್ಞಾನಿ ಕ್ಯಾಲ್ವಿನ್ ಫುಲ್ಲರ್ ಸಿಲಿಕಾನ್‌ಗೆ ಬೇಕಾದ ಕಲಬೆರಕೆಯನ್ನು ಬೇಕಾದಷ್ಟೇ ಸೇರಿಸುವ ವಿದ್ಯೆ ಕಂಡುಕೊಂಡಿದ್ದರು. ಭೌತ ವಿಜ್ಞಾನಿ ಜೆರಾಲ್ಡ್ ಪಿಯರ್ಸನ್ ಅಂಥ ಒಂದು ತುಂಡನ್ನು ಬಿಸಿ ಲಿಥಿಯಂನಲ್ಲಿ ಅದ್ದಿ, ದೀಪ ಹಿಡಿದು ನೋಡಿದರು. ಸೆಲೆನಿಯಂ ಕೊಡುತ್ತಿದ್ದುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಕರೆಂಟು! ನೆಟ್ಟಗೆ ಗೆಳೆಯ ಚಾಪಿನ್ ಬಳಿ ಹೋಗಿ, ಸೆಲೆನಿಯಂ ಬಿಟ್ಟುಬಿಡಿ ಎಂದರು. ಆದರೆ ಲಿಥಿಯಂ ಕೂತಲ್ಲಿ ಕೂರುತ್ತಿರಲಿಲ್ಲ; ದಿನ ಕಳೆದಂತೆ ಸಿಲಿಕಾನ್‌ನ ಒಳಗೊಳಗೆ ಇಳಿಯುತ್ತ ಆ ಗಡಿಯನ್ನು ಬೆಳಕು ತಲುಪದ ಆಳಕ್ಕೆ ಒಯ್ಯುತ್ತಿತ್ತು. ಕೊನೆಗೆ ಫುಲ್ಲರ್ ಆರ್ಸೆನಿಕ್ ಬೆರೆತ ಸಿಲಿಕಾನ್ ಮೇಲೆ ಬೋರಾನ್‌ನ ತೀರ ತೆಳುವಾದ ಪದರ ಕೂಡಿಸಿದಾಗ ಗಡಿ ಮೈಮೇಲೆಯೇ ನಿಂತಿತು, ಆರರ ಗುರಿ ಮುಟ್ಟಿತು. 1954ರ ಏಪ್ರಿಲ್ 25ರಂದು ಬೆಲ್‌ನವರು ಇದನ್ನು ಲೋಕಕ್ಕೆ ತೋರಿಸಿದರು. ಬಿಸಿಲಿನ ಕರೆಂಟಿನಿಂದ ಜಾತ್ರೆಯ ತೊಟ್ಟಿಲಿನಂಥ ಪುಟ್ಟ ಆಟಿಕೆ ಗಿರಗಿರ ತಿರುಗಿತು.

ಮರುವರ್ಷ ಜಾರ್ಜಿಯಾ ರಾಜ್ಯದ ಅಮೆರಿಕಸ್ ಎಂಬ ಊರಿನ ಹಳ್ಳಿ ಟೆಲಿಫೋನ್ ಮಾರ್ಗದಲ್ಲಿ, ಕಂಬದ ತುದಿಗೆ ಈ ಸೆಲ್ಲುಗಳ ಪೆಟ್ಟಿಗೆ ಏರಿತು. ಹಗಲು ಅದು ಟೆಲಿಫೋನಿಗೂ ಕರೆಂಟು ಕೊಡಬೇಕು, ಜೊತೆಗಿದ್ದ ಬ್ಯಾಟರಿಯನ್ನೂ ತುಂಬಬೇಕು. ರಾತ್ರಿ ಮತ್ತು ಮೋಡದ ದಿನ ಬ್ಯಾಟರಿ ಕೆಲಸ ಮಾಡಬೇಕು. ಸೋಲಾರ್ ಮತ್ತು ಬ್ಯಾಟರಿಯ ಜೋಡಿ ಊರಿನ ಬಯಲಲ್ಲಿ ದುಡಿದದ್ದು ಹೀಗೆ. ಬ್ಯಾಟರಿ ಆಗಲೇ ಹಳೆಯ ಮಾಲು: ಸೀಸದ ತಗಡುಗಳನ್ನು ಗಂಧಕಾಮ್ಲದಲ್ಲಿ ಮುಳುಗಿಸಿ ಮತ್ತೆ ಮತ್ತೆ ತುಂಬಬಹುದಾದ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ಟೋನ್ ಪ್ಲಾಂಟೆ 1859ರಲ್ಲೇ ಮಾಡಿದ್ದರು.

ಮನೆಗೆ ಸೋಲಾರ್ ಹಾಕಿದರೆ ಎಷ್ಟಾದೀತು ಎಂಬ ಲೆಕ್ಕವನ್ನೂ ಚಾಪಿನ್ ಹಾಕಿದರು. ಆಗ ಒಂದು ವಾಟಿಗೆ 286 ಡಾಲರ್. ಸಾಧಾರಣ ಮನೆಯೊಂದಕ್ಕೆ ಬೇಕಾದ ಪ್ಯಾನಲ್‌ಗೆ 14 ಲಕ್ಷ 30 ಸಾವಿರ ಡಾಲರ್! ಅಂಥ ಬೆಲೆಯ ವಸ್ತುವನ್ನು ಭೂಮಿಯ ಮೇಲೆ ಯಾರು ಕೊಂಡಾರು? 1958ರಲ್ಲಿ ವ್ಯಾನ್‌ಗಾರ್ಡ್-1 ಉಪಗ್ರಹದ ಮೈಮೇಲೆ ಅದು ಆಕಾಶಕ್ಕೆ ಹೋಯಿತು. ಇವತ್ತು ಹಾವೇರಿಯ ಅಂಗಡಿಯಲ್ಲಿ ಒಂದು ವಾಟಿನ ಪ್ಯಾನಲ್ ಐವತ್ತು ರೂಪಾಯಿಯೊಳಗೆ ಸಿಗುತ್ತದೆ.

ನಮ್ಮ ನಾಡಿನ ಮನೆಗಳಿಗೆ ಅದು ಬಂದದ್ದು ಬೆಲೆ ಅಷ್ಟು ಇಳಿಯುವ ಮೊದಲೇ. ಅದಕ್ಕೆ ಬೇಕಾದ ಇನ್ನೊಂದು ಶೋಧ ನಡೆದದ್ದು ಕರ್ನಾಟಕದಲ್ಲಿ, ಬ್ಯಾಂಕಿನ ಕೌಂಟರಿನ ಎದುರು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಓದುತ್ತಿದ್ದ ಹರೀಶ್ ಹಂದೆ ಡೊಮಿನಿಕನ್ ಗಣರಾಜ್ಯಕ್ಕೆ ಹೋದಾಗ ಬಡ ಹಳ್ಳಿಗರು ಹಣ ಕೊಟ್ಟು ಸೋಲಾರ್ ದೀಪ ಬಳಸುವುದನ್ನು ಕಂಡರು. ಆಮೇಲೆ ಶ್ರೀಲಂಕಾದ ಹಳ್ಳಿಗಳಲ್ಲಿ ಇದ್ದು ನೋಡಿದರು. 1995ರಲ್ಲಿ ನೆವಿಲ್ ವಿಲಿಯಮ್ಸ್ ಜೊತೆಗೂಡಿ ಬೆಂಗಳೂರಿನಲ್ಲಿ ಸೆಲ್ಕೋ ಎಂಬ ಸೋಲಾರ್ ಕಂಪನಿ ಕಟ್ಟಿದರು. 2011ರಲ್ಲಿ ಹಂದೆ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಬೀದಿ ವ್ಯಾಪಾರಿಯೊಬ್ಬರಿಂದ ಕಲಿತ ಪಾಠವನ್ನು ಹಂದೆ ಹಲವು ಕಡೆ ಹೇಳಿದ್ದಾರೆ: ತಿಂಗಳಿಗೆ ಮುನ್ನೂರು ರೂಪಾಯಿ ಆಕೆಗೆ ಭಾರ, ದಿನಕ್ಕೆ ಹತ್ತು ರೂಪಾಯಿ ಹಗುರ. ವ್ಯಾಪಾರಿಗೆ ದಿನದ ಕಂತು, ರೈತನಿಗೆ ಸುಗ್ಗಿಯ ಕಂತು. ಸಿಂಡಿಕೇಟ್ ಬ್ಯಾಂಕು ಮತ್ತು ಧಾರವಾಡದ ಮಲಪ್ರಭಾ ಗ್ರಾಮೀಣ ಬ್ಯಾಂಕು ಸೋಲಾರ್ ದೀಪಕ್ಕೆ ಸಾಲ ಕೊಡಲು ಮುಂದೆ ಬಂದವು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳ ಮೂಲಕ ಬಡ್ಡಿ ಇಳಿಸಿ ಸಾಲ ಕೊಡಿಸಿತು. ಹದಿನಾರು ಸಾವಿರಕ್ಕೂ ಹೆಚ್ಚು ಮನೆಗಳಿಗೆ ಬೆಳಕು ಬಂತು. ಎರಡು ದೀಪವೋ ನಾಲ್ಕೋ, ಅಡುಗೆಮನೆಗೋ ದನದ ಕೊಟ್ಟಿಗೆಗೋ ಎಂದು ಮೊದಲು ಕೇಳಿ, ಆಮೇಲೆ ಪ್ಯಾನಲ್ ಅಳತೆ ಹೇಳುವುದು ಈ ಕೆಲಸದ ಜೀವಾಳವಾಗಿತ್ತು. ಫುಲ್ಲರ್ ಅವರ ಬೋರಾನ್ ಪದರದಷ್ಟೇ ಇದೂ ದೊಡ್ಡ ಶೋಧ ಎಂದು ನಾನು ನಂಬುತ್ತೇನೆ.

ಅದೇ ಕ್ರಮವನ್ನು ಈಗ ನಮ್ಮ ಹಾವೇರಿ ಕಡೆಯ ಒಂದು ಮನೆಗೆ ಹಚ್ಚಿ ನೋಡೋಣ. ಸಂಜೆಯಿಂದ ಬೆಳಗಿನ ತನಕ ಏನೇನು ಬೇಕು? 9 ವಾಟಿನ ಐದು ಎಲ್‌ಇಡಿ ಬಲ್ಬು ಐದು ತಾಸು ಉರಿದರೆ 225 ವಾಟ್-ತಾಸು. 60 ವಾಟಿನ ಟಿ.ವಿ. ಮೂರು ತಾಸಿಗೆ 180. ಮೊಬೈಲು, ವೈಫೈ ಸೇರಿ 100. 75 ವಾಟಿನ ಎರಡು ಹಳೇ ಫ್ಯಾನು ಎಂಟು ತಾಸು ತಿರುಗಿದರೆ 1200. ಒಟ್ಟು 1705. ಇದರಲ್ಲಿ ಫ್ಯಾನಿನದೇ ಸಿಂಹಪಾಲು. ಅವೆರಡನ್ನು ತೆಗೆದು 30 ವಾಟಿನ ಬಿಎಲ್‌ಡಿಸಿ ಫ್ಯಾನು ಹಾಕಿದರೆ 1200 ಹೋಗಿ 480 ಆಗುತ್ತದೆ, ಒಟ್ಟು 985ಕ್ಕೆ ಇಳಿಯುತ್ತದೆ. ಇನ್ವರ್ಟರ್ ತಾನೇ ತಿನ್ನುವ ಹತ್ತನೇ ಒಂದು ಪಾಲು ಸೇರಿಸಿದರೆ ಬ್ಯಾಟರಿಯಿಂದ ಬೇಕಾದದ್ದು ಸುಮಾರು 1100.

ಸೀಸದ ಬ್ಯಾಟರಿಯಾದರೆ ಒಳಗಿದ್ದುದರಲ್ಲಿ ಅರ್ಧ ಮಾತ್ರ ತೆಗೆಯಬೇಕು. ಪೂರ್ತಿ ಬಸಿದರೆ ಪ್ಲೇಟಿನ ಮೇಲೆ ಸೀಸದ ಸಲ್ಫೇಟು ಗಟ್ಟಿಯಾಗಿ ಕೂತು ಆಯುಸ್ಸು ಕಡಿಮೆಯಾಗುತ್ತದೆ. 12 ವೋಲ್ಟಿನ 150 ಎಎಚ್ ಬ್ಯಾಟರಿಯಲ್ಲಿ 1800 ವಾಟ್-ತಾಸು ಇದ್ದರೂ ಕೈಗೆ ಬರುವುದು 900. ಹಳೇ ಫ್ಯಾನು ಇಟ್ಟುಕೊಂಡರೆ ಅಂಥವು ಎರಡಕ್ಕಿಂತ ತುಸು ಹೆಚ್ಚೇ ಬೇಕು, ಹೊಸದಾದರೆ 200 ಎಎಚ್‌ನ ಒಂದು ಸಾಕು. ಒಂದು ಜೊತೆ ಫ್ಯಾನು ಬದಲಿಸಿದ್ದಕ್ಕೆ ಹತ್ತಿರ ಹತ್ತಿರ ಒಂದು ಬ್ಯಾಟರಿ ಉಳಿಯಿತು.

ಈಗ ಲಿಥಿಯಂ ಬ್ಯಾಟರಿಯೂ ಇದೆ. ಮನೆ ಇನ್ವರ್ಟರಿಗೆ ಬರುವುದು ಹೆಚ್ಚಾಗಿ ಕಬ್ಬಿಣದ ಫಾಸ್ಫೇಟ್ ಬಳಸಿದ ಎಲ್‌ಎಫ್‌ಪಿ ಬಗೆ. ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಇದನ್ನು ಕಂಡುಹಿಡಿದು 1997ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಮೂವರ ಹೆಸರಿದೆ: ಎ.ಕೆ. ಪಾಧಿ, ಕೆ.ಎಸ್. ನಂಜುಂಡಸ್ವಾಮಿ, ಜಾನ್ ಗುಡ್‌ಇನಫ್. ನಮ್ಮ ಕಿವಿಗೆ ಇಷ್ಟು ಪರಿಚಿತವಾದ ಹೆಸರನ್ನು ಅಲ್ಲಿ ಓದಿದಾಗ ನನಗೆ ನಿಜಕ್ಕೂ ಸಂತೋಷವಾಯಿತು. ಗುಡ್‌ಇನಫ್ ಅವರಿಗೆ ಲಿಥಿಯಂ ಬ್ಯಾಟರಿಯ ಕೆಲಸಕ್ಕಾಗಿ 2019ರಲ್ಲಿ, 97ನೇ ವಯಸ್ಸಿನಲ್ಲಿ, ನೊಬೆಲ್ ಬಂತು. 12.8 ವೋಲ್ಟಿನ 100 ಎಎಚ್ ಎಲ್‌ಎಫ್‌ಪಿಯಲ್ಲಿ 1280 ವಾಟ್-ತಾಸು. ನೂರಕ್ಕೆ ತೊಂಬತ್ತು ತೆಗೆದರೂ ತಾಳುತ್ತದೆ. ನಮ್ಮ ಲೆಕ್ಕಕ್ಕೆ ಒಂದೇ ಸಾಕು, ಡಿಸ್ಟಿಲ್ ವಾಟರ್ ಹಾಕುವ ಕೆಲಸವೂ ಇಲ್ಲ. ಬೆಲೆ ಮಾತ್ರ ಮೊದಲಿಗೆ ಹೆಚ್ಚು.

ಪ್ಯಾನಲ್ ಅಳತೆಗೆ ಬರುವುದು ಎಲ್ಲಕ್ಕೂ ಕೊನೆಯಲ್ಲಿ, ಅದೂ ಬೇಸಿಗೆಯ ಬಿಸಿಲು ನೋಡಿ ಅಲ್ಲ. ನಮ್ಮ ಕಡೆ ಮಾರ್ಚ್-ಏಪ್ರಿಲ್‌ನಲ್ಲಿ ದಿನಕ್ಕೆ ಆರು ತಾಸಿನ ಪೂರ್ಣ ಬಿಸಿಲಿನಷ್ಟು ಸಿಕ್ಕರೆ ಜುಲೈ-ಆಗಸ್ಟ್‌ನಲ್ಲಿ ಸರಾಸರಿ ನಾಲ್ಕರ ಆಸುಪಾಸು. ಕಾವು, ಧೂಳು, ವೈರು, ಚಾರ್ಜಿಂಗ್ ಇವುಗಳಲ್ಲಿ ಹೋಗುವ ಪಾಲು ಕಳೆದರೆ 1100 ವಾಟ್-ತಾಸಿಗೆ ಬೇಸಿಗೆಯಲ್ಲಿ 260 ವಾಟಿನ ಪ್ಯಾನಲ್ ಸಾಕು, ಜುಲೈಗೆ 400 ಬೇಕು. ಸವಣೂರಿನ ಬಯಲುಸೀಮೆಗೆ ಇಷ್ಟು ಸಾಕಾದೀತು. ಮಲೆನಾಡಿನ ಅಂಚಿನ ಹಾನಗಲ್ಲಿನಲ್ಲಿ ಹಿಡಿದ ಮಳೆ ಬಿಡುವುದಿಲ್ಲ. ಅಲ್ಲಿ 550 ವಾಟಿನ ಒಂದು ಪ್ಯಾನಲ್ ಹಾಕಿ, ಬ್ಯಾಟರಿಯನ್ನು ಇನ್ನೊಂದು ದಿನಕ್ಕಾಗುವಷ್ಟು ಹಿಗ್ಗಿಸುವುದು ಜಾಣತನ. ದಕ್ಷಿಣಕ್ಕೆ ಮುಖ, ಹದಿನೈದು ಡಿಗ್ರಿ ಇಳಿಜಾರು. ಮಾವಿನ ಕೊಂಬೆಯದೋ ನೀರಿನ ಟ್ಯಾಂಕಿನದೋ ನೆರಳು ಒಂದು ಮೂಲೆಗೆ ಬಿದ್ದರೂ ನಷ್ಟ ಆ ಮೂಲೆಗಷ್ಟೇ ಅಲ್ಲ. ಸೆಲ್ಲುಗಳು ಸರಪಳಿಯಂತೆ ಒಂದರ ಹಿಂದೆ ಒಂದು ಜೋಡಿಸಿಕೊಂಡಿರುವುದರಿಂದ ಆ ಸಾಲೇ ಸೊರಗುತ್ತದೆ.

ಇನ್ನೊಂದು ಮಾತನ್ನು ಅಂಗಡಿಯಲ್ಲಿ ಹಣ ಕೊಡುವ ಮುನ್ನ ಕೇಳಲೇಬೇಕು: ಕರೆಂಟ್ ಹೋದಾಗ ಇದು ನಡೆಯುತ್ತದೋ ಇಲ್ಲವೋ? 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟಿಗೆ 78 ಸಾವಿರ ರೂಪಾಯಿ ಸಹಾಯಧನ ಇದೆ ಎಂದು ಬಹಳ ಜನ ಮುಂದೆ ಬರುತ್ತಿದ್ದಾರೆ. ಬ್ಯಾಟರಿ ಇಲ್ಲದೆ ಹೆಸ್ಕಾಂ ಲೈನಿಗೆ ಜೋಡಿಸಿದ ಸೋಲಾರ್, ಲೈನ್ ಹೋದ ಕೂಡಲೇ ತಾನೂ ನಿಲ್ಲುತ್ತದೆ, ಮಟಮಟ ಮಧ್ಯಾಹ್ನವಾದರೂ ಸರಿ. ನಿಲ್ಲಲೇಬೇಕು. ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ಮಾಳಿಗೆಯ ಕರೆಂಟು ಹೊಡೆಯಬಾರದು. 2023ರಿಂದ ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ ಬರುತ್ತಿರುವ ಮನೆಗಳಿಗೆ ಸೋಲಾರ್ ಬೇಕಾಗುವುದೇ ಕರೆಂಟ್ ಇಲ್ಲದ ಹೊತ್ತಿಗೆ. ಪಂಪ್‌ಸೆಟ್ಟಿನ ಲೈನಿಗೆ ಅಂಟಿಕೊಂಡ ಹೊಲದ ಮನೆಯವರಿಗಂತೂ ಇನ್ನೂ ಹೆಚ್ಚು. ಅಂಥವರು ಬ್ಯಾಟರಿಯಿಂದಲೇ ನಡೆಯುವ ಆಫ್-ಗ್ರಿಡ್ ಅಥವಾ ಲೈನು, ಬ್ಯಾಟರಿ ಎರಡಕ್ಕೂ ಜೋಡಿಸಬಹುದಾದ ಹೈಬ್ರಿಡ್ ಇನ್ವರ್ಟರನ್ನೇ ಕೇಳಬೇಕು. ಈಗ ಹಣ ಕಡಿಮೆ ಇದ್ದರೂ ಹೈಬ್ರಿಡ್ ಹಾಕಿಸಿಕೊಂಡರೆ ಬ್ಯಾಟರಿಯನ್ನು ಮುಂದಿನ ಸುಗ್ಗಿಗೆ ಸೇರಿಸಬಹುದು.

ಸುಗ್ಗಿ ಎಂದಾಗ ನೆನಪಾಯಿತು. ಹಿರೇಕೆರೂರು, ಶಿಗ್ಗಾವಿ ಕಡೆ ಗೋವಿನಜೋಳದ ರಾಶಿ ನಡೆಯುವ ದಿನಗಳಲ್ಲಿ ಮಷಿನ್ನಿನ ಹೊಟ್ಟು, ಧೂಳು ಊರೆಲ್ಲ ಹರಡಿ ಪ್ಯಾನಲ್ ಮೇಲೆ ಕೂರುತ್ತದೆ. ರಾಶಿ ಮುಗಿದ ಮೇಲೆ ಒಮ್ಮೆ ಮೆತ್ತನೆ ಬಟ್ಟೆ, ಬರೀ ನೀರು ಹಿಡಿದು ತೊಳೆಯಬೇಕು. ತೊಳೆಯುವುದು ಹೊತ್ತು ಏರುವ ಮುನ್ನವೇ ಆಗಬೇಕು. ಕಾದ ಗಾಜಿನ ಮೇಲೆ ತಣ್ಣೀರು ಸುರಿದರೆ ಬಿರುಕು ಬಿಡಬಹುದು.