ಬಾಣಂತಿ ಬೆಕ್ಕಿಗೆ ಏಳು ಮನೆ ಯಾಕೆ?

ಬೆಕ್ಕು ಮರಿ ಹಾಕಿದರೆ ಏಳು ಮನೆ ತಿರುಗಿಸುತ್ತದೆ ಎಂಬ ಮಾತು ಕೇಳದವರು ಕಡಿಮೆ. ಬೀದರಿನ ನೌಬಾದದಲ್ಲೂ ಅಟ್ಟದ ಮೇಲಿನ ಮರಿಗಳು ಒಂದು ಬೆಳಿಗ್ಗೆ ಕಾಣೆಯಾದರೆ ಮನೆಯ ಹಿರಿಯರು ತಲೆ ಕೆಡಿಸಿಕೊಳ್ಳುವುದಿಲ್ಲ. "ಬೆಕ್ಕ ಏಳ ಮನಿ ತಿರಗಸ್ತದ, ಬಿಡ್ರಿ" ಅಂದುಬಿಡುತ್ತಾರೆ. ಏಳೇ ಎಂಬ ಲೆಕ್ಕಕ್ಕೆ ಆಧಾರವಿಲ್ಲ. ತಿರುಗಿಸುವುದು ಮಾತ್ರ ನಿಜ. ಅದು ಯಾಕೆ ಹಾಗೆ ಮಾಡುತ್ತದೆ ಎಂದು ತಿಳಿದರೆ ಅರೆಗಾಡು ಬೆಕ್ಕೊಂದರ ಬಾಣಂತನದಲ್ಲಿ ಅರ್ಧ ಕೆಲಸ ಕಲಿತಂತೆ.

ಬಹಮನಿ ಕಾಲದ ಸುರಂಗ ಬಾವಿಗೆ ಹೆಸರಾದ ನೌಬಾದ ಈಗ ಅರ್ಧ ಹಳ್ಳಿ, ಅರ್ಧ ನಗರ. ಒಂದು ಕಡೆ ಹಳೆಯ ಕಲ್ಲಿನ ಗೋಡೆಗಳು, ಅವುಗಳ ಗೂಡು, ಅಟ್ಟ, ಜೋಳದ ಚೀಲಗಳ ಸಂದಿ. ಇನ್ನೊಂದು ಕಡೆ ಅರ್ಧಕ್ಕೆ ನಿಂತ ಮನೆಗಳು, ಉಸುಕಿನ ಗುಡ್ಡೆ, ಒಟ್ಟಿದ ಸೆಂಟ್ರಿಂಗ್ ಹಲಗೆ. ಬಸುರಿ ಬೆಕ್ಕು ಹುಡುಕುವ ಕತ್ತಲು, ಒಣ ನೆಲ, ಮೂರು ಕಡೆ ಮರೆ, ಹತ್ತಿರದಲ್ಲೇ ಇಲಿ ಎಲ್ಲವೂ ಇಲ್ಲಿವೆ. ಇಂಥ ಬೆಕ್ಕು ಯಾರ ಮನೆಯದೂ ಅಲ್ಲ, ಹಾಗಂತ ಕಾಡಿನದೂ ಅಲ್ಲ. ರಾತ್ರಿ ಅಡುಗೆಮನೆ ಕಿಟಕಿಗೆ ಬಂದು ಹಾಕಿದ್ದನ್ನು ತಿಂದು ಹೋಗುತ್ತದೆ. ಕೈ ಚಾಚಿದರೆ ಕಿವಿ ಹಿಂದಕ್ಕೆ ಮಡಚಿ ಬುಸುಗುಡುತ್ತದೆ.

ನಮ್ಮ ಮನೆಬೆಕ್ಕುಗಳೆಲ್ಲ ಪಶ್ಚಿಮ ಏಷ್ಯಾದ ಕಾಡುಬೆಕ್ಕಿನ ಸಂತತಿ ಎಂದು 2007ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನ ತೋರಿಸಿತು. ಆ ಕಾಡುಬೆಕ್ಕು ಒಂಟಿ ಬೇಟೆಗಾರ. ತಾಯಿ ಬೇಟೆಗೆ ಹೋದಾಗ ಮರಿಗಳನ್ನು ಕಾಯುವವರು ಯಾರೂ ಇಲ್ಲ. ಒಂದೇ ಗೂಡಿನಲ್ಲಿ ದಿನ ಕಳೆದಷ್ಟೂ ವಾಸನೆ ಹೆಚ್ಚುತ್ತದೆ, ಚಿಗಟ ಹೆಚ್ಚುತ್ತವೆ, ನಾಯಿಗೋ ಗಂಡು ಬೆಕ್ಕಿಗೋ ಸುಳಿವು ಸಿಗುತ್ತದೆ. ಹಾಗಾಗಿ ಜಾಗ ಬದಲಿಸುವುದು ಅದರ ಹಳೆಯ ಯುದ್ಧತಂತ್ರ. ನಾವು ಮೊಬೈಲ್ ಟಾರ್ಚ್ ಹಾಕಿಕೊಂಡು ದಿನಕ್ಕೆ ನಾಲ್ಕು ಸಲ ಇಣುಕಿದರೆ ಅದರ ಲೆಕ್ಕದಲ್ಲಿ ನಾವೂ ನಾಯಿಯೇ. ಮನುಷ್ಯರು ಮುಟ್ಟಿದ ವಾಸನೆಗೆ ತಾಯಿ ಮರಿಗಳನ್ನು ಬಿಟ್ಟುಬಿಡುತ್ತದೆ ಎಂಬ ನಂಬಿಕೆಯೂ ಇದೆ. ಅದು ಅಷ್ಟು ಸರಿಯಲ್ಲ. ತಾಯಿಯನ್ನು ಎಬ್ಬಿಸುವುದು ವಾಸನೆಗಿಂತ ಹೆಚ್ಚಾಗಿ ಕಾಟ.

ತಾಯಿ ಮರಿಗಳನ್ನು ಸಾಗಿಸುವುದು ಒಂದೊಂದಾಗಿ. ಕುತ್ತಿಗೆಯ ಹಿಂದಿನ ಸಡಿಲ ಚರ್ಮವನ್ನು ತಾಯಿ ಹಲ್ಲಿನಲ್ಲಿ ಹಿಡಿದ ಕೂಡಲೇ ಮರಿ ಕಿರುಚಾಟ ನಿಲ್ಲಿಸಿ, ಹಿಂಗಾಲು ಹೊಟ್ಟೆಗೆ ಮಡಚಿ, ಬಾಲ ಒಳಗೆಳೆದುಕೊಂಡು ಜೋತುಬೀಳುತ್ತದೆ. ಇದು ಹುಟ್ಟಿನಿಂದಲೇ ಬಂದ ಪ್ರತಿಕ್ರಿಯೆ. ಒಂದನ್ನು ಹೊಸ ಜಾಗದಲ್ಲಿಟ್ಟು ತಾಯಿ ವಾಪಸು ಬರುವಷ್ಟರಲ್ಲಿ ಉಳಿದವು ಒಂಟಿಯಾಗಿ ಕೂಗುತ್ತಿರುತ್ತವೆ. ಆಗಲೇ ಯಾರಾದರೂ "ಪಾಪ, ಅನಾಥ" ಎಂದು ರಟ್ಟಿನ ಡಬ್ಬಿಗೆ ಹಾಕಿಕೊಂಡು ಹೊರಟುಬಿಡುತ್ತಾರೆ. ಅನಾಥವೆಂದು ಒಯ್ದ ಎಷ್ಟೋ ಮರಿಗಳಿಗೆ ತಾಯಿ ಇರುತ್ತದೆ. ಅನುಮಾನವಿದ್ದರೆ ಮರಿಗಳ ಸುತ್ತ ತೆಳ್ಳಗೆ ಜೋಳದ ಹಿಟ್ಟು ಉದುರಿಸಿ ದೂರ ಸರಿಯಿರಿ. ಕೆಲವು ಗಂಟೆಗಳ ನಂತರ ಹಿಟ್ಟಿನಲ್ಲಿ ಹೆಜ್ಜೆ ಮೂಡಿದ್ದರೆ ತಾಯಿ ಬಂದುಹೋಗಿದೆ.

ತಾಯಿಯಿಂದ ಬಿಡಿಸಬಾರದು ಎನ್ನಲು ದೊಡ್ಡ ಕಾರಣ ಶಾಖ. ಹುಟ್ಟಿದ ಮರಿ ಸುಮಾರು 100 ಗ್ರಾಂ ತೂಗುತ್ತದೆ. ದೊಡ್ಡ ಬೆಕ್ಕಿನ ಮೈ 38ರಿಂದ 39 ಡಿಗ್ರಿ ಸೆಲ್ಸಿಯಸ್ ಇದ್ದರೆ, ಮೊದಲ ವಾರದ ಮರಿಯದು 35ರಿಂದ 37. ನಡುಗಿ ಬಿಸಿ ಹುಟ್ಟಿಸಿಕೊಳ್ಳುವ ಶಕ್ತಿ ಅದಕ್ಕಿನ್ನೂ ಇಲ್ಲ. ಮೊದಲ ವಾರ ಗೂಡಿನೊಳಗೆ 30ರಿಂದ 32 ಡಿಗ್ರಿ ಬೇಕು, ಆ ಒಲೆ ತಾಯಿಯ ಹೊಟ್ಟೆಯೇ. ಬೀದರಿನ ಡಿಸೆಂಬರ್ ರಾತ್ರಿಗಳಲ್ಲಿ ತಾಯಿ ಇಲ್ಲದ ಮರಿ ಹಸಿವಿಗಿಂತ ಮೊದಲು ಚಳಿಗೆ ಸಾಯುತ್ತದೆ. ತಣ್ಣಗಾದ ಮರಿಯ ಬಾಯಿಗೆ ಹಾಲು ಬಿಡುವುದು ನಮ್ಮಲ್ಲಿ ಸಾಮಾನ್ಯ ತಪ್ಪು. ಮೈ ತಣ್ಣಗಿದ್ದಾಗ ಕರುಳು ಕೆಲಸ ಮಾಡುವುದಿಲ್ಲ. ಹಾಲು ಜೀರ್ಣವಾಗದೆ ನಿಲ್ಲುತ್ತದೆ, ಶ್ವಾಸಕೋಶಕ್ಕೂ ಇಳಿಯಬಹುದು. ಮೊದಲು ಮೈ ನಿಧಾನವಾಗಿ ಬೆಚ್ಚಗಾಗಬೇಕು, ಹಾಲು ಆಮೇಲೆ. ಏಪ್ರಿಲ್–ಮೇ ತಿಂಗಳಲ್ಲಿ ಕಥೆ ತಿರುವುಮುರುವು: ಪತ್ರಾಸಿನ ಕೆಳಗಿನ ಗೂಡು ಮಧ್ಯಾಹ್ನ ಕಾದ ಹಂಚಾಗುತ್ತದೆ. ತೆವಳಿ ನೆರಳಿಗೆ ಹೋಗಲಾರದ ಮರಿಗೆ ಅದೂ ಅಷ್ಟೇ ಅಪಾಯ.

ಎರಡನೆಯ ಕಾರಣ ಗಿಣ್ಣದ ಹಾಲು. ದೇವಣಿ ಆಕಳು ಕಟ್ಟಿದ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕರುವಿಗೆ ಗಿಣ್ಣ ತಪ್ಪಿದರೆ ಏನಾಗುತ್ತದೆಂದು ಅವರು ಬಲ್ಲರು. ಬೆಕ್ಕಿನಲ್ಲೂ ರೋಗನಿರೋಧಕ ಅಂಶಗಳು ಬಹುಪಾಲು ಗರ್ಭದಲ್ಲಲ್ಲ, ಮೊದಲ ಹಾಲಿನಲ್ಲಿ ಬರುತ್ತವೆ. ಅವನ್ನು ಇಡಿಯಾಗಿ ರಕ್ತಕ್ಕೆ ಹೀರಿಕೊಳ್ಳುವ ಬಾಗಿಲು ಮರಿಯ ಕರುಳಿನಲ್ಲಿ ಸುಮಾರು 16 ಗಂಟೆಗೆ ಮುಚ್ಚುತ್ತದೆ. ಕಣ್ಣು ಕಿವಿ ಮುಚ್ಚಿರುವಾಗಲೇ ಮರಿಗಳು ವಾಸನೆ ಹಿಡಿದು ಮೊಲೆ ಹುಡುಕುತ್ತವೆ. ಎರಡು ಮೂರು ದಿನದಲ್ಲಿ ಹೆಚ್ಚಿನವು ತಮಗೊಂದು ಮೊಲೆ ಗೊತ್ತುಮಾಡಿಕೊಂಡು ಪ್ರತಿ ಸಲ ಅಲ್ಲಿಗೇ ಹೋಗುತ್ತವೆ, ಜಗಳವೂ ಕಡಿಮೆಯಾಗುತ್ತದೆ. ಮಲಮೂತ್ರವೂ ತಾಯಿ ನೆಕ್ಕಿದರೆ ಮಾತ್ರ. ಸುಮಾರು ಮೂರು ವಾರ ಅದೇ ಅದರ ನಿತ್ಯದ ಕೆಲಸ. ಇಷ್ಟನ್ನೆಲ್ಲ ನಾವು ಸಿರಿಂಜು, ಹತ್ತಿ, ಬಿಸಿನೀರಿನ ಬಾಟಲಿ ಹಿಡಿದು ಎರಡು ಮೂರು ಗಂಟೆಗೊಮ್ಮೆ ಎದ್ದು ಮಾಡಬೇಕಾಗುತ್ತದೆ, ಆದರೂ ತಾಯಿಯಷ್ಟು ಚೆನ್ನಾಗಿ ಆಗದು.

ಆದ್ದರಿಂದ ನಮ್ಮ ಬಾಣಂತನವೆಲ್ಲ ತಾಯಿಗೆ. ಹಾಲೂಡಿಸುವ ಬೆಕ್ಕಿಗೆ ಮಾಮೂಲಿನ ಎರಡು ಮೂರು ಪಟ್ಟು ಆಹಾರ ಬೇಕು. ಇಲ್ಲಿ ಸಸ್ಯಾಹಾರಿ ಮನೆಗಳ ಪ್ರೀತಿ ಸ್ವಲ್ಪ ಎಡವುತ್ತದೆ. ಹಾಲಿನಲ್ಲಿ ನೆನೆಸಿದ ರೊಟ್ಟಿ ಬೆಕ್ಕಿನ ಹೊಟ್ಟೆ ತುಂಬಿಸೀತು, ಅದರ ಬದುಕು ನಡೆಸದು. ಟಾರಿನ್ ಎಂಬ ಅಂಶ ಸಿಗುವುದು ಮಾಂಸ, ಮೀನಿನಲ್ಲಿ. ಬೆಕ್ಕಿನ ದೇಹ ಅದನ್ನು ಸಾಕಷ್ಟು ತಯಾರಿಸಿಕೊಳ್ಳಲಾರದು. ಅದು ಕಡಿಮೆಯಾದರೆ ಬೆಕ್ಕಿನ ಅಕ್ಷಿಪಟಲ ಹಾಳಾಗುತ್ತದೆ ಎಂದು 1975ರಲ್ಲಿ, ಹೃದಯದ ಸ್ನಾಯು ಸೋಲುತ್ತದೆ ಎಂದು 1987ರಲ್ಲಿ ಗೊತ್ತಾಯಿತು. ರೊಟ್ಟಿ ತಿಂದೇ ಬದುಕಿದಂತೆ ಕಾಣುವ ನಮ್ಮ ಬೆಕ್ಕುಗಳು ಹಿತ್ತಲಲ್ಲಿ ಇಲಿ, ಹಲ್ಲಿ ಹಿಡಿದು ಲೆಕ್ಕ ಸರಿಮಾಡಿಕೊಂಡಿರುತ್ತವೆ; ಕೋಣೆಯಲ್ಲಿ ಕೂಡಿಹಾಕಿದ ಬಾಣಂತಿಗೆ ಆ ಅವಕಾಶವಿಲ್ಲ. ಮನೆಯಲ್ಲಿ ಮಾಂಸ ಬೇಯಿಸದವರು ಮರಿಬೆಕ್ಕುಗಳಿಗಾಗಿಯೇ ಮಾಡಿದ ಪ್ಯಾಕೆಟ್ ಆಹಾರ ಹಾಕಬಹುದು, ಅದರಲ್ಲಿ ಟಾರಿನ್ ಸೇರಿಸಿರುತ್ತಾರೆ. ಹಾಲಿಗೆ ಸಕ್ಕರೆ ಹಾಕುವ ಅಕ್ಕರೆಯಂತೂ ದಂಡ. ಸಿಹಿ ಗ್ರಹಿಸುವ ಜೀನ್ ಬೆಕ್ಕಿನಲ್ಲಿ ಕೆಟ್ಟಿದೆ, ಅದಕ್ಕೆ ಸಿಹಿಯೇ ತಿಳಿಯದು.

ಜಾಗದ ವಿಷಯ ಸರಳ: ಜನ ಓಡಾಡದ ಒಂದು ಕೋಣೆ, ಬಾಯಿ ಗೋಡೆಯ ಕಡೆ ತಿರುಗಿಸಿದ ರಟ್ಟಿನ ಪೆಟ್ಟಿಗೆ, ಒಳಗೆ ಹಳೆ ಕೌದಿಯ ತುಂಡು. ಒಂದು ಮೂಲೆಗೆ ಬುಟ್ಟಿಯಲ್ಲಿ ಉಸುಕು, ಅದರಿಂದ ದೂರ ನೀರು ಮತ್ತು ಊಟ. ತಾಯಿ ಊಟಕ್ಕೆ ಎದ್ದಾಗ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಮರಿಗಳನ್ನು ಬೇಗಬೇಗ ತೂಗಿ ಇಡಿ. ದಿನಕ್ಕೆ 10ರಿಂದ 15 ಗ್ರಾಂ ಏರಬೇಕು. ಒಂದು ಇಡೀ ದಿನ ಏರದೆ ನಿಂತರೆ, ಇಳಿದರೆ, ಪಶುವೈದ್ಯರಿಗೆ ತೋರಿಸಬೇಕು. ಚಿಗಟ ಕಂಡರೆ ಹಲ್ಲು ಹತ್ತಿರವಿರುವ ಬಾಚಣಿಗೆ ಸಾಕು. ನಾಯಿಗೆ ಹಾಕುವ ಪರ್ಮೆಥ್ರಿನ್ ಪುಡಿ, ದ್ರವ ಬೆಕ್ಕಿಗೆ ವಿಷ. ನಮ್ಮ ಜ್ವರದ ಪ್ಯಾರಾಸಿಟಮಾಲ್ ಕೂಡ ಹಾಗೆಯೇ, ಚೂರು ಕೊಟ್ಟರೂ ಜೀವಕ್ಕೆ ಕುತ್ತು.

ಮೊದಲ ಎರಡು ವಾರ ತೂಕಕ್ಕೆ ಬಿಟ್ಟರೆ ಮುಟ್ಟದಿರುವುದೇ ಜಾಣತನ. ಆಮೇಲೆ ನಿಯಮ ಬದಲಾಗುತ್ತದೆ. ಕಣ್ಣು ತೆರೆದು, ಕಿವಿ ಕೇಳತೊಡಗಿ, ಮರಿ ತಡವರಿಸುತ್ತ ನಡೆಯುವ ಎರಡನೇ ವಾರದಿಂದ ಏಳನೇ ವಾರದವರೆಗೆ ಅದರ ಮೆದುಳು "ಯಾರು ನಮ್ಮವರು" ಎಂಬ ಪಟ್ಟಿ ಬರೆದುಕೊಳ್ಳುತ್ತದೆ. ಅಮೆರಿಕದ ಟೆಂಪಲ್ ವಿಶ್ವವಿದ್ಯಾಲಯದ ಐಲೀನ್ ಕಾರ್ಶ್ 1980ರ ದಶಕದಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. ದಿನಕ್ಕೆ 15 ನಿಮಿಷ ಕೈಯಲ್ಲಾಡಿದ ಮರಿಗಳಿಗಿಂತ 40 ನಿಮಿಷ ಆಡಿದವು ಮನುಷ್ಯರಿಗೆ ಹೆಚ್ಚು ಹೊಂದಿಕೊಂಡವು. ಏಳು ವಾರ ದಾಟಿದ ಮೇಲೆ ಶುರುಮಾಡಿದರೆ ಅಷ್ಟು ಫಲ ಸಿಗಲಿಲ್ಲ. ನಮ್ಮ ಕಿಟಕಿಗೆ ಬರುವ ತಾಯಿಬೆಕ್ಕು ಕೈಗೆ ಸಿಗದಿರುವುದು ಇದರಿಂದಲೇ: ಅದರ ಬಾಲ್ಯದ ಆ ಐದು ವಾರ ಯಾರೂ ಅದನ್ನು ಎತ್ತಿಕೊಂಡಿರಲಿಲ್ಲ. ಈಗ ಎಷ್ಟು ಮುದ್ದಿಸಿದರೂ ಅದು ಮಡಿಲ ಬೆಕ್ಕಾಗುವುದು ಅಪರೂಪ. ಅದನ್ನು ಪಳಗಿಸಲು ಹಟ ಹಿಡಿಯುವುದು ಅದಕ್ಕೂ ನಮಗೂ ಹಿಂಸೆ ಎಂಬುದು ನನ್ನ ಅಭಿಪ್ರಾಯ.

ಮರಿಗಳೆಲ್ಲ ಒಂದೇ ಥರ ಹೊಂದಿಕೊಳ್ಳುವುದಿಲ್ಲ. ಧೈರ್ಯದ ಒಂದು ಪಾಲು ತಂದೆಯ ಕಡೆಯಿಂದ, ರಕ್ತದಲ್ಲೇ ಬರುತ್ತದೆ ಎಂದು ಸಂಶೋಧಕಿ ಸಾಂಡ್ರಾ ಮೆಕ್ಯೂನ್ 1995ರಲ್ಲಿ ತೋರಿಸಿದರು. ಬೀದಿಬೆಕ್ಕಿನ ಒಂದೇ ಸೂಲಿನಲ್ಲಿ ಎರಡು ಮೂರು ತಂದೆಯರ ಮರಿಗಳಿರಬಹುದು. ಹಾಗಾಗಿ ಒಂದು ನಿಮ್ಮ ತೋಳೇರಿದರೆ ಇನ್ನೊಂದು ಪೆಟ್ಟಿಗೆಯ ಹಿಂದೆಯೇ ಉಳಿಯುತ್ತದೆ. ತಾಯಿಯನ್ನು ನೋಡಿಯೂ ಮರಿಗಳು ಕಲಿಯುತ್ತವೆ. ಅಪರಿಚಿತ ಬೆಕ್ಕಿಗಿಂತ ತಮ್ಮ ತಾಯಿ ಮಾಡಿದ್ದನ್ನು ನೋಡಿ ಮರಿಗಳು ಬೇಗ ಕಲಿತವು ಎಂದು 1969ರ ಒಂದು ಪ್ರಯೋಗ ಹೇಳುತ್ತದೆ. ತಾಯಿ ಬುಸುಗುಟ್ಟುವಾಗ ಅದರ ಎದುರೇ ಮರಿಗಳಿಗೆ ಕೈ ಹಾಕಿದರೆ ಅವು ಕಲಿಯುವ ಪಾಠ ಭಯ. ತಾಯಿ ಬೇರೆ ಕಡೆ ಊಟ ಮಾಡುತ್ತಿರುವಾಗ ಮರಿಗಳನ್ನು ಕೈಗೆತ್ತಿಕೊಳ್ಳುವುದು, ಬೆರಳಿಗೆ ಬೇಯಿಸಿದ ಕೋಳಿಯ ನುಣ್ಣನೆ ಖೀಮಾ ಹಚ್ಚಿ ನೆಕ್ಕಿಸುವುದು ಒಳ್ಳೆಯದು. ನಾಲ್ಕನೇ ವಾರದ ಹೊತ್ತಿಗೆ ಅವು ಬೆರಳನ್ನೂ ಬಿಡದೆ ಕಚ್ಚುತ್ತವೆ.

ಕಚ್ಚುವ ಮಾತು ಬಂದದ್ದರಿಂದ: ತಾಯಿ ಕಚ್ಚಲಿ, ಪರಚಲಿ, ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆಯ ಬಗ್ಗೆ ಕೇಳಬೇಕು. ಮನೆಯಲ್ಲಿ ಬಸುರಿಯರಿದ್ದರೆ ಉಸುಕಿನ ಬುಟ್ಟಿ ಅವರ ಕೆಲಸವಲ್ಲ; ಬೇರೆಯವರು ಅದನ್ನು ದಿನಾ ಚೊಕ್ಕಮಾಡಲಿ, ಟಾಕ್ಸೊಪ್ಲಾಸ್ಮಾ ರೋಗಾಣು ಮಲದಲ್ಲಿ ಒಂದೆರಡು ದಿನ ಉಳಿದ ಮೇಲೆಯೇ ಅಂಟುವ ಹಂತಕ್ಕೆ ಬರುವುದು.

ಹಾಲೂಡಿಸುತ್ತಿರುವಾಗಲೇ ಬೆಕ್ಕು ಮತ್ತೆ ಗಬ್ಬ ಕಟ್ಟಬಹುದು, 63ರಿಂದ 65 ದಿನದಲ್ಲಿ ಮುಂದಿನ ಸೂಲು. ಎಂಟನೇ ವಾರದ ಹೊತ್ತಿಗೆ ಮರಿಗಳು ಹಾಲು ಬಿಟ್ಟಿರುತ್ತವೆ. ತಾಯಿಯನ್ನು ಸಂತಾನಹರಣ ಶಸ್ತ್ರಚಿಕಿತ್ಸೆಗೆ ಒಯ್ಯಲು, ಮರಿಗಳಿಗೆ ಲಸಿಕೆ ಹಾಕಿಸಿ ಮನೆ ಹುಡುಕಲು ಅದೇ ಸಮಯ. ಬೀದರಿನವರು ಈ ವಿಷಯದಲ್ಲಿ ಅದೃಷ್ಟವಂತರು: ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯವೂ ಪಶುವೈದ್ಯಕೀಯ ಕಾಲೇಜೂ ಇಲ್ಲಿನ ನಂದಿನಗರದಲ್ಲೇ ಇವೆ. ನಿಮ್ಮ ಅಟ್ಟದ ಮೇಲೆ ಈಗಾಗಲೇ ಮರಿಗಳ ಸದ್ದು ಕೇಳುತ್ತಿದ್ದರೆ ಏಣಿ ಹಾಕಬೇಡಿ. ಕೆಳಗೆ ತಾಯಿಗೆ ಊಟ, ನೀರು ಇಡಿ, ಇವತ್ತಿನ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮುಂದಿನ ಲೆಕ್ಕವೆಲ್ಲ ಅಲ್ಲಿಂದಲೇ ಶುರು.